ಮೋಸ್‌ಆಲ್ಪ್‌ನ ದನ ಎಣಿಸುವ ಲೆಕ್ಕ

(ನಮ್ಮ ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ತಡವರಿಸಿದ್ದನ್ನು ತೆಗೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ವಿಟ್ಜರ್ಲೆಂಡಿನ ಬಗ್ಗೆ ಮಾತಾಡುತ್ತೇನೆ ಅಂದ ಕೂಡಲೇ ಕಾರ್ಯದರ್ಶಿಗಳು ಪ್ರೊಜೆಕ್ಟರ್ ತರಿಸಲಾ ಅಂತ ಕೇಳಿದರು. ಬೇಡ ಅಂದೆ. ಹಿಮದ ಬೆಟ್ಟ, ಕೊರಳಲ್ಲಿ ಗಂಟೆ ಕಟ್ಟಿಕೊಂಡ ಹಸು, ಹಸಿರು ಇಳಿಜಾರು, ಇದೆಲ್ಲ ನಮ್ಮ ಸಿನಿಮಾ ಹಾಡುಗಳಲ್ಲೇ ಬೇಕಾದಷ್ಟು ನೋಡಿದ್ದೇವೆ. ನಾನು ಹೇಳಲು ಬಂದಿರುವುದು ಫೋಟೋದಲ್ಲಿ ಕಾಣುವಂಥದ್ದಲ್ಲ. ಅದೊಂದು ಲೆಕ್ಕ. ಒಂದು ಚಿಕ್ಕ ಊರಿನವರು ಐನೂರು ವರ್ಷದ ಹಿಂದೆ ಕೂತು ಬರೆದಿಟ್ಟುಕೊಂಡ ದನದ ಲೆಕ್ಕ.

ಊರಿನ ಹೆಸರು ಟೊರ್ಬೆಲ್. ಅಲ್ಲಿಯವರ ಬಾಯಲ್ಲಿ ‘ಟೆರ್ಬಿಲ್’. ಜನಸಂಖ್ಯೆ ಸುಮಾರು 500. ನಮ್ಮಲ್ಲಿ ಒಂದು ಮದುವೆ ಛತ್ರಕ್ಕೂ ಸಾಲದು ಅಷ್ಟು ಜನ. ಆದರೆ ಅದೊಂದು ಪೂರ್ತಿ ಪಂಚಾಯಿತಿ, ಅವರ ಮಾತಿನಲ್ಲಿ ‘ಗೆಮೈಂಡೆ’. ಸ್ವಿಟ್ಜರ್ಲೆಂಡಿನಲ್ಲಿ ಇಂಥವು 2,100ಕ್ಕೂ ಜಾಸ್ತಿ ಇವೆ. ನಮ್ಮ ಪಂಚಾಯಿತಿಗೂ ಅದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಜನರ ಆದಾಯದ ಮೇಲೆ ಊರೇ ತೆರಿಗೆ ಹಾಕುತ್ತದೆ. ಮೇಲಿನಿಂದ ಅನುದಾನ ಬರಲಿ ಅಂತ ಬಾಯಿ ಬಿಟ್ಟುಕೊಂಡು ಕೂರಬೇಕಾಗಿಲ್ಲ. ಊರಿನ ಮತದಾರರೆಲ್ಲ ಒಂದು ಕೋಣೆಯಲ್ಲಿ ಸೇರಿ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತಾರೆ. ಆ ಸಭೆಗೆ ‘ಉರ್‌ಫೆರ್‌ಸಾಮ್ಲುಂಗ್’ ಅಂತ ಹೆಸರು. ಒಂದೇ ಉಸಿರಿಗೆ ಹೇಳಲು ನನಗೆ ಎರಡು ದಿನ ಹಿಡಿಯಿತು.

ಊರು ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ದೇಶದ ದಕ್ಷಿಣದಲ್ಲಿ ವಾಲೇ ಅಂತ ಒಂದು ಪ್ರಾಂತ್ಯ. ಅದರ ನಡುವೆ ರೋನ್ ನದಿ ಹರಿಯುತ್ತದೆ. ನದಿ ದಂಡೆಯಲ್ಲಿ ಫಿಸ್ಪ್ ಅನ್ನುವ ಪಟ್ಟಣ, ಸುಮಾರು 650 ಮೀಟರ್ ಎತ್ತರದಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಒಂದು ಕಿರಿದಾದ ಕಣಿವೆ ಒಳಗೆ ಹೋಗುತ್ತದೆ. ಸ್ಟಾಲ್ಡೆನ್ ಹತ್ತಿರ ಅದು ಕವಲೊಡೆದು ಒಂದು ಕಡೆ ಸಾಸ್, ಇನ್ನೊಂದು ಕಡೆ ಜರ್ಮಾಟ್ ದಾರಿ ಹಿಡಿಯುತ್ತದೆ. ಜರ್ಮಾಟ್ ಗೊತ್ತಲ್ಲ, ಮ್ಯಾಟರ್‌ಹಾರ್ನ್ ನೋಡಲು ಪ್ರಪಂಚವೆಲ್ಲ ಹೋಗುವ ಊರು. ರೈಲಿನಲ್ಲಿ ಎಲ್ಲರೂ ಅತ್ತ ಹೋಗುತ್ತಾರೆ. ಸ್ಟಾಲ್ಡೆನ್‌ನಲ್ಲಿ ಇಳಿಯುವವರು ಬೆರಳೆಣಿಕೆ. ಅಲ್ಲಿಂದ ಹಳದಿ ಬಣ್ಣದ ಪೋಸ್ಟ್ ಬಸ್ಸು. ತಿರುವಿಗೆ ತಿರುವು, ಪ್ರತಿ ಕುರುಡು ತಿರುವಿನಲ್ಲೂ ಮೂರು ಸ್ವರದ ಹಾರ್ನ್. ಆಗುಂಬೆ ಘಾಟಿ ಹತ್ತಿದವರಿಗೆ ಹೆದರಿಕೆ ಆಗುವುದಿಲ್ಲ. ಸುಮಾರು 1,500 ಮೀಟರಿಗೆ ಬಂದಾಗ ಇಳಿಜಾರಿಗೆ ಅಂಟಿಕೊಂಡ ಹಾಗೆ ಕಪ್ಪು ಮರದ ಮನೆಗಳು ಕಾಣುತ್ತವೆ. ಅದೇ ಟೊರ್ಬೆಲ್. ಲಾರ್ಚ್ ಮರದ ಗೋಡೆಗಳು. ಬಣ್ಣ ಬಳಿದದ್ದಲ್ಲ, ನೂರಾರು ವರ್ಷದ ಬಿಸಿಲು ತಿಂದು ಕಪ್ಪಾದದ್ದು. ಎದುರಿಗೆ ಮಿಶಾಬೆಲ್ ಶಿಖರಗಳ ಸಾಲು. ಅದರಲ್ಲಿ ಡೋಮ್ ಅನ್ನುವ ಶಿಖರ 4,545 ಮೀಟರ್.

ಈ ಊರಿನ ಗಡಿ ಅಡ್ಡಕ್ಕಿಂತ ಉದ್ದಕ್ಕೆ ಜಾಸ್ತಿ, ಅದೂ ಮೇಲ್ಮುಖವಾಗಿ. ಕೆಳಗೆ ನದಿಯ ಹತ್ತಿರ ಶುರುವಾಗಿ ಮೇಲೆ ಆಗ್ಸ್ಟ್‌ಬೋರ್ಡ್‌ಹಾರ್ನ್ ಶಿಖರದವರೆಗೆ, ಅಂದರೆ ಹೆಚ್ಚುಕಮ್ಮಿ 3,000 ಮೀಟರಿನವರೆಗೆ ಹೋಗುತ್ತದೆ. ಹಿಂದೆ ಒಂದು ಸಂಸಾರ ಬದುಕಬೇಕಾದರೆ ಈ ಏಣಿಯ ಎಲ್ಲ ಮೆಟ್ಟಿಲಲ್ಲೂ ಒಂದೊಂದು ತುಂಡು ಬೇಕಿತ್ತು. ತಳದ ಬೆಚ್ಚನೆಯ ಜಾಗದಲ್ಲಿ ದ್ರಾಕ್ಷಿ. ಊರಿನ ಸುತ್ತ ರೈ ಧಾನ್ಯದ ಹೊಲ, ತರಕಾರಿ ಪಾತಿ. ಅದರ ಆಚೆ ಈಚೆ ಹುಲ್ಲುಗಾವಲು, ಅಂದರೆ ಕೊಯ್ದು ಒಣಗಿಸುವ ಹುಲ್ಲು. ಅದಕ್ಕೂ ಮೇಲೆ ಕಾಡು. ಕಾಡು ಮುಗಿದ ಮೇಲೆ ಬೇಸಿಗೆಯಲ್ಲಿ ಮಾತ್ರ ಹಿಮ ಕರಗುವ ಮೇವಿನ ಬಯಲು. ಆ ಮೇಲಿನ ಬಯಲಿಗೇ ಅಲ್ಲಿಯವರು ‘ಆಲ್ಪ್’ ಅನ್ನುತ್ತಾರೆ. ನಾವು ಬೆಟ್ಟಸಾಲಿಗೆ ಆಲ್ಪ್ಸ್ ಅಂತೀವಿ, ಅವರಿಗೆ ಆಲ್ಪ್ ಅಂದರೆ ದನ ಮೇಯುವ ಜಾಗ.

ಟೊರ್ಬೆಲ್‌ನವರ ಒಂದು ಆಲ್ಪಿನ ಹೆಸರು ಮೋಸ್‌ಆಲ್ಪ್. ನಗಬೇಡಿ. ಜರ್ಮನ್ನಿನಲ್ಲಿ ‘ಮೋಸ್’ ಅಂದರೆ ಜೌಗು ನೆಲ. ಆದರೂ ನಕ್ಷೆಯಲ್ಲಿ ಆ ಹೆಸರು ಓದಿದಾಗಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಎಲ್ಲರಿಗೂ ಸೇರಿದ ಹುಲ್ಲಿನಲ್ಲಿ ಮೋಸ ಆಗದ ಹಾಗೆ ಇವರು ಹೇಗೆ ನೋಡಿಕೊಂಡರು?

ಅಲ್ಲಿಗೆ ಹೋಗುವ ಮುಂಚೆ ನಾನು ಬೈಸಿಕೊಂಡ ಕಥೆ ಹೇಳಬೇಕು. ಜೂನ್ ಕೊನೆಯ ವಾರ. ಊರಿನ ಕೆಳಗೆ ಮೊಣಕಾಲೆತ್ತರದ ಹುಲ್ಲು, ಅದರ ತುಂಬ ಹಳದಿ, ನೇರಳೆ ಹೂವು. ಒಳ್ಳೆ ಫೋಟೋ ಸಿಗುತ್ತದೆ ಅಂತ ಹತ್ತು ಹೆಜ್ಜೆ ಒಳಗೆ ಹೋದೆ. ಮೇಲಿನ ಮನೆಯ ಬಾಲ್ಕನಿಯಿಂದ ಒಬ್ಬ ಅಜ್ಜಿ ಕೂಗಲು ಶುರು ಮಾಡಿದರು. ನನಗೆ ಬರುವುದು ಕ್ಲಾಸಿನಲ್ಲಿ ಕಲಿತ ಜರ್ಮನ್. ಅವರದು ವಾಲೇ ಕಡೆಯ ಆಡುಮಾತು, ಜ್ಯೂರಿಕ್‌ನವರಿಗೇ ಅರ್ಥ ಆಗುವುದು ಕಷ್ಟ. ಒಂದು ಪದವೂ ತಿಳಿಯಲಿಲ್ಲ. ಆದರೆ ಬೈಗುಳಕ್ಕೆ ಭಾಷೆ ಬೇಕಾ? ಓಡಿ ದಾರಿಗೆ ಬಂದೆ. ಪಕ್ಕದಲ್ಲಿ ಸೌದೆ ಒಡೆಯುತ್ತಿದ್ದ ಹುಡುಗ ನಗುತ್ತಾ ನಿಧಾನವಾಗಿ ಬಿಡಿಸಿ ಹೇಳಿದ. “ನೀವು ತುಳಿದದ್ದು ಹಸುವಿನ ಜನವರಿ ತಿಂಗಳ ಊಟ.”

ನಾನು ಅದನ್ನು ಸುಮ್ನೆ ಬೆಳೆದ ಹುಲ್ಲು ಅಂದುಕೊಂಡಿದ್ದೆ. ಅದು ಬೆಳೆ. ಗದ್ದೆಯಲ್ಲಿ ನಿಂತ ಭತ್ತದ ಹಾಗೆ. ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಾಲ ಹಸು ಕೊಟ್ಟಿಗೆಯ ಒಳಗೇ ಇರಬೇಕು. ಆಗ ತಿನ್ನಲು ಇರುವುದು ಈ ಒಣಹುಲ್ಲು ಮಾತ್ರ. ಬೇಸಿಗೆಯ ಮೂರು ತಿಂಗಳು ಆಲ್ಪ್ ಮೇಲೆ ಹೊಟ್ಟೆ ತುಂಬುತ್ತದೆ, ಅದರ ಚಿಂತೆ ಇಲ್ಲ. ಇಕ್ಕಟ್ಟು ಇರುವುದು ಚಳಿಗಾಲದಲ್ಲಿ. ಇದು ತಲೆಯಲ್ಲಿ ಕೂತರೆ ಆ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ.

1483ರ ಫೆಬ್ರವರಿ 1ರಂದು ಊರಿನವರು ಸೇರಿ ಒಂದು ಪತ್ರ ಮಾಡಿಕೊಂಡರು. ಆಲ್ಪ್, ಕಾಡು, ಪಾಳುಭೂಮಿ ಇವನ್ನು ಸರಿಯಾಗಿ ನೋಡಿಕೊಳ್ಳಲು ಒಂದು ಸಂಘ ಕಟ್ಟಿದರು. ಆಮೇಲೆ 1517ರಲ್ಲಿ ಒಂದು ನಿಯಮ ಬಂತು. ಚಳಿಗಾಲದಲ್ಲಿ ನೀನು ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಆಲ್ಪಿಗೆ ಹತ್ತಿಸಬಹುದು. ಒಂದೂ ಜಾಸ್ತಿ ಇಲ್ಲ.

ಇಷ್ಟೇ. ಆದರೆ ಇದರೊಳಗೆ ಎಷ್ಟು ಬುದ್ಧಿ ಇದೆ ನೋಡಿ. ದುಡ್ಡಿದ್ದವನೊಬ್ಬ ಮೇ ತಿಂಗಳಲ್ಲಿ ಸಂತೆಗೆ ಹೋಗಿ ಐವತ್ತು ಹಸು ಕೊಂಡುತಂದ ಅಂತಿಟ್ಟುಕೊಳ್ಳಿ. ಬೇಸಿಗೆಯಿಡೀ ಊರಿನ ಹುಲ್ಲಿನಲ್ಲಿ ಮೇಯಿಸಿ, ಕೊಬ್ಬಿಸಿ, ಸೆಪ್ಟೆಂಬರಿನಲ್ಲಿ ಮಾರಿದರೆ ಲಾಭ ಅವನದು, ಬೋಳು ಗುಡ್ಡ ಊರಿನದು. ಈ ನಿಯಮ ಆ ದಾರಿಯನ್ನೇ ಮುಚ್ಚಿತು. ಚಳಿಗಾಲ ಕಳೆಯಲು ಹುಲ್ಲು ಬೇಕು, ಹುಲ್ಲಿಗೆ ಸ್ವಂತ ನೆಲ ಬೇಕು, ನೆಲಕ್ಕೆ ನೀರು ಹಾಯಿಸಬೇಕು, ಕುಡುಗೋಲು ಹಿಡಿದು ಕೊಯ್ಯಬೇಕು, ಬೆನ್ನ ಮೇಲೆ ಹೊರಬೇಕು. ಅಷ್ಟು ದುಡಿದವನಿಗೆ ಮಾತ್ರ ಮೇಲಿನ ಹುಲ್ಲು. ಆಲ್ಪ್ ಮೇಲೆ ಎಷ್ಟು ಹುಲ್ಲಿದೆ ಅಂತ ಯಾರೂ ಅಳೆಯಬೇಕಾಗಿಲ್ಲ. ಕೆಳಗಿನ ಕೊಟ್ಟಿಗೆಗಳೇ ಅಳತೆಗೋಲು.

ಇನ್ನು ಎಣಿಸುವುದು. ದನ ಮೇಲೆ ಹತ್ತುವ ಮುಂಚೆ ಎಲ್ಲವನ್ನೂ ಎಣಿಸಬೇಕು. ಕಣ್ತಪ್ಪಿಸಿ ಜಾಸ್ತಿ ಹತ್ತಿಸಿದವನಿಗೆ ದಂಡ. ದಂಡ ಹಾಕುವ ಊರಿನ ಅಧಿಕಾರಿಗೆ ‘ಗೆವಾಲ್ಟ್‌ಹಾಬರ್’ ಅಂತ ಹೆಸರು, ಅಂದರೆ ಅಧಿಕಾರ ಹಿಡಿದವನು. ಅವನಿಗೆ ಆ ಕೆಲಸದಲ್ಲಿ ಆಸಕ್ತಿ ಬರಬೇಕಲ್ಲ? ದಂಡದಲ್ಲಿ ಅರ್ಧ ಅವನೇ ಇಟ್ಟುಕೊಳ್ಳಬಹುದಿತ್ತು! ನನಗೆ ಈ ಊರಿನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ. ನಾವೆಲ್ಲ ಒಳ್ಳೆಯವರು, ಅಣ್ಣತಮ್ಮಂದಿರ ಹಾಗೆ ಹಂಚಿಕೊಂಡು ತಿನ್ನೋಣ ಅಂತ ಅವರು ಭಾಷಣ ಮಾಡಿಕೊಳ್ಳಲಿಲ್ಲ. ಪಕ್ಕದ ಮನೆಯವನು ಸಂದು ಸಿಕ್ಕರೆ ಎರಡು ಹಸು ತೂರಿಸುತ್ತಾನೆ ಅಂತ ಅವರಿಗೆ ಗೊತ್ತಿತ್ತು. ತಾನೂ ಅದನ್ನೇ ಮಾಡುತ್ತೇನೆ ಅನ್ನುವುದೂ ಗೊತ್ತಿತ್ತು ಅಂತ ಕಾಣುತ್ತದೆ.

ಮೇಲೆ ಹೋದ ಹಸುಗಳನ್ನು ಒಬ್ಬೊಬ್ಬರೇ ಕಾಯುವುದಿಲ್ಲ. ಸಂಘವೇ ದನ ಕಾಯುವವರನ್ನೂ ಚೀಸ್ ಮಾಡುವವರನ್ನೂ ನೇಮಿಸುತ್ತದೆ. ಬೇಸಿಗೆ ಮುಗಿದ ಮೇಲೆ ಯಾರ ಹಸು ಎಷ್ಟು ಹತ್ತಿದ್ದವೋ ಆ ಲೆಕ್ಕದಲ್ಲಿ ಚೀಸ್ ಹಂಚಿಕೆ. ಹಾಗೆಯೇ ಕೆಲಸದ ಹಂಚಿಕೆಯೂ ಇದೆ. ಹಿಮ ಜಾರಿ ಬಂದು ಬಯಲಲ್ಲಿ ಬಿಟ್ಟುಹೋದ ಕಲ್ಲುಮಣ್ಣು ತೆಗೆಯುವುದು, ಬೇಲಿ, ಕಾಲುದಾರಿ, ಗೊಬ್ಬರ ಹರಡುವುದು.

ಕಾಡಿನ ವಿಷಯ ಇನ್ನೂ ಚೆನ್ನಾಗಿದೆ. ಬೇಕಾದಾಗ ಹೋಗಿ ಮರ ಕಡಿಯುವ ಹಾಗಿಲ್ಲ. ವರ್ಷಕ್ಕೊಮ್ಮೆ ಅರಣ್ಯದ ಕೆಲಸದವರು ಕಡಿಯಬಹುದಾದ ಮರಗಳಿಗೆ ಗುರುತು ಹಾಕುತ್ತಾರೆ. ಹಕ್ಕಿರುವ ಮನೆಗಳಿಂದ ಜನ ಬಂದು ತಂಡ ಕಟ್ಟಿ ಒಟ್ಟಿಗೆ ಕಡಿಯುತ್ತಾರೆ, ಒಟ್ಟಿಗೆ ಎಳೆದು ತರುತ್ತಾರೆ, ಹೆಚ್ಚುಕಮ್ಮಿ ಒಂದೇ ಗಾತ್ರದ ರಾಶಿಗಳನ್ನು ಒಟ್ಟುತ್ತಾರೆ. ಯಾವ ರಾಶಿ ಯಾರಿಗೆ? ಅದು ಚೀಟಿ ಎತ್ತಿ ತೀರ್ಮಾನ. ರಾಶಿ ಒಟ್ಟುವಾಗ ಅದು ತನ್ನದಾಗುತ್ತದೋ ಬೇರೆಯವರದೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಒಂದನ್ನು ದಪ್ಪ, ಒಂದನ್ನು ತೆಳ್ಳಗೆ ಮಾಡಿ ಯಾರಿಗೂ ಪ್ರಯೋಜನವಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಬ್ಬಟ್ಟು ಭಾಗ ಮಾಡುವಾಗ ಒಬ್ಬ ಮುರಿಯಲಿ, ಇನ್ನೊಬ್ಬ ಮೊದಲು ಎತ್ತಿಕೊಳ್ಳಲಿ ಅಂತೀವಲ್ಲ, ಅದೇ ಉಪಾಯ.

ಈ ಊರಿನ ಕಥೆ ಹೊರಗೆ ಬಂದದ್ದು ಹೇಗೆ ಅಂತ ಹೇಳದಿದ್ದರೆ ತಪ್ಪಾಗುತ್ತದೆ. ರಾಬರ್ಟ್ ನೆಟ್ಟಿಂಗ್ ಅಂತ ಒಬ್ಬ ಅಮೆರಿಕದ ಮಾನವಶಾಸ್ತ್ರಜ್ಞ. ಮೊದಲು ನೈಜೀರಿಯಾದ ಬೆಟ್ಟದ ರೈತರ ಜೊತೆ ಇದ್ದು ಅಧ್ಯಯನ ಮಾಡಿದವರು. 1970ರ ಸುಮಾರಿಗೆ ಟೊರ್ಬೆಲ್‌ಗೆ ಬಂದು ಉಳಿದರು. ಇಲ್ಲಿ ಹಳೆಯ ಕಾಗದಪತ್ರ ಬೇಕಾದಷ್ಟಿತ್ತು, 1224ರಷ್ಟು ಹಿಂದಿನವೂ ಇದ್ದವು. ಚರ್ಚಿನ ದಾಖಲೆಗಳಲ್ಲಿ ಯಾರು ಯಾವಾಗ ಹುಟ್ಟಿದರು, ಯಾರನ್ನು ಮದುವೆಯಾದರು, ಯಾವಾಗ ಸತ್ತರು ಎಲ್ಲ ಇತ್ತು. 1981ರಲ್ಲಿ ಅವರ ಪುಸ್ತಕ ಬಂತು. ಅಮೆರಿಕದ ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಮ್ ಅದನ್ನು ಓದಿದರು, ತಮ್ಮ 1990ರ ಪುಸ್ತಕದಲ್ಲಿ ಟೊರ್ಬೆಲ್‌ಗೆ ಒಂದು ಮುಖ್ಯ ಜಾಗ ಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಹೆಂಗಸು ಅವರೇ.

ಅವರು ಎದುರು ಹಾಕಿಕೊಂಡದ್ದು ಒಂದು ಗಟ್ಟಿ ನಂಬಿಕೆಯನ್ನು. ಗ್ಯಾರೆಟ್ ಹಾರ್ಡಿನ್ ಅನ್ನುವ ಜೀವಶಾಸ್ತ್ರಜ್ಞ 1968ರಲ್ಲಿ ಒಂದು ಲೇಖನ ಬರೆದಿದ್ದರು. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ, ಯಾಕೆಂದರೆ ಪ್ರತಿಯೊಬ್ಬನೂ ಇನ್ನೊಂದು ಹಸು ಬಿಡುತ್ತಲೇ ಹೋಗುತ್ತಾನೆ ಅನ್ನುವುದು ಅವರ ವಾದ. ಅದನ್ನು ಉಳಿಸಬೇಕಾದರೆ ಸರ್ಕಾರ ವಹಿಸಿಕೊಳ್ಳಬೇಕು, ಇಲ್ಲವೇ ತುಂಡು ಮಾಡಿ ಒಬ್ಬೊಬ್ಬರಿಗೆ ಕೊಡಬೇಕು ಅಂತ ಇದನ್ನಿಟ್ಟುಕೊಂಡು ವಾದ ಮಾಡುವವರು ಬಹಳ ಜನ ಆದರು. ಆಸ್ಟ್ರಮ್ ಹೇಳಿದ್ದು, ಹಾರ್ಡಿನ್ ಬಣ್ಣಿಸಿದ ಹುಲ್ಲುಗಾವಲು ಯಾರಿಗೂ ಸೇರದ್ದು, ಟೊರ್ಬೆಲ್‌ನದು ಇಂತಿಂಥವರಿಗೆ ಅಂತ ಸೇರಿದ್ದು. ಎರಡೂ ಬೇರೆ ಬೇರೆ. ಮುಂದೆ ಹಾರ್ಡಿನ್ ಅವರೂ ತಾನು ಬರೆದದ್ದು ಉಸ್ತುವಾರಿ ಇಲ್ಲದ ಸಾಮೂಹಿಕ ಆಸ್ತಿಯ ಬಗ್ಗೆ ಅಂತ ತಿದ್ದಿಕೊಂಡರು. ನಮ್ಮ ಗೋಮಾಳ ನೋಡಿದವರಿಗೆ ಈ ಜಗಳದಲ್ಲಿ ಎರಡು ಕಡೆಯವರೂ ಯಾಕೆ ಸರಿ ಅನ್ನಿಸುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ಕೇಳುತ್ತಿದ್ದಾರೆ, ಹಾಗಾದರೆ ಊರಿನಲ್ಲಿ ಎಲ್ಲವೂ ಸಾಮೂಹಿಕವಾ, ಒಂದು ಥರ ಕಮ್ಯುನಿಸಮ್ಮಾ ಅಂತ. ಖಂಡಿತ ಇಲ್ಲ ಸಾರ್. ಹೊಲ, ತೋಟ, ದ್ರಾಕ್ಷಿ, ಕೊಯ್ಯುವ ಹುಲ್ಲು, ಮನೆ ಎಲ್ಲ ಖಾಸಗಿ. ಎಷ್ಟು ಖಾಸಗಿ ಅಂದರೆ ಒಂದೇ ಮನೆಯ ಮಹಡಿಗಳು ಬೇರೆ ಬೇರೆ ಸಂಸಾರದ ಹೆಸರಿನಲ್ಲಿರುತ್ತವೆ. ಕೊಟ್ಟಿಗೆಯ ಅರ್ಧ, ಕಾಲು ಭಾಗಕ್ಕೂ ಒಡೆಯರಿದ್ದಾರೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಕೊಡುವ ಪದ್ಧತಿ, ಹಾಗಾಗಿ ಪ್ರತಿ ತಲೆಮಾರಿಗೂ ಹೊಲ ಚೂರುಚೂರು. ಮದುವೆಯಲ್ಲಿ ಚೂರುಗಳು ಮತ್ತೆ ಸೇರುತ್ತಿದ್ದವು.

ಯಾವುದು ಖಾಸಗಿ, ಯಾವುದು ಎಲ್ಲರದು ಅನ್ನುವುದನ್ನು ಅವರು ಸಿದ್ಧಾಂತ ನೋಡಿ ತೀರ್ಮಾನಿಸಲಿಲ್ಲ, ನೆಲ ನೋಡಿ ತೀರ್ಮಾನಿಸಿದರು ಅನ್ನುವುದೇ ನೆಟ್ಟಿಂಗ್ ಅವರ ಮಾತಿನ ಸಾರ. ಗೊಬ್ಬರ ಹಾಕಿ, ನೀರು ಬಿಟ್ಟು, ಕಳೆ ಕಿತ್ತರೆ ಹೊಲ ಪ್ರತಿ ವರ್ಷ ಕೊಡುತ್ತದೆ. ದುಡಿದಷ್ಟು ಬರುವ ಕಡೆ ಒಬ್ಬ ಒಡೆಯ ಇರುವುದು ವಾಸಿ. ಆಲ್ಪ್ ಹಾಗಲ್ಲ. ಒಂದು ವರ್ಷ ಈ ಮಗ್ಗುಲಲ್ಲಿ ಹಿಮ ತಡವಾಗಿ ಕರಗುತ್ತದೆ, ಇನ್ನೊಂದು ವರ್ಷ ಆ ಮಗ್ಗುಲಲ್ಲಿ ಮಳೆ ಕೈಕೊಡುತ್ತದೆ. ಅದನ್ನು ನೂರು ತುಂಡು ಮಾಡಿದರೆ ಪ್ರತಿ ವರ್ಷ ಇಪ್ಪತ್ತು ಜನ ಹಾಳಾಗುತ್ತಾರೆ. ನೂರು ಬೇಲಿ ಹಾಕಲು ಮರವೆಲ್ಲಿದೆ, ನೂರು ಜನ ಕಾಯಲು ಪುರುಸೊತ್ತು ಎಲ್ಲಿದೆ? ಹಾಗಾಗಿ ಅದು ಒಟ್ಟಿಗೇ ಇರಲಿ.

ನೀರೂ ಒಟ್ಟಿಗೆ. ಆಲ್ಪ್ಸ್ ಅಂದರೆ ನೀರೋ ನೀರು ಅಂತ ನಾನೂ ಅಂದುಕೊಂಡಿದ್ದೆ. ಈ ಕಣಿವೆ ಸ್ವಿಟ್ಜರ್ಲೆಂಡಿನಲ್ಲೇ ಅತಿ ಒಣ ಜಾಗ. ಉತ್ತರಕ್ಕೂ ಎತ್ತರದ ಬೆಟ್ಟ, ದಕ್ಷಿಣಕ್ಕೂ ಎತ್ತರದ ಬೆಟ್ಟ. ಮೋಡ ಯಾವ ಕಡೆಯಿಂದ ಬಂದರೂ ಆಚೆಯೇ ಸುರಿದು ಖಾಲಿಯಾಗುತ್ತದೆ. ಸ್ಟಾಲ್ಡೆನ್ ಹತ್ತಿರ ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಬರುವುದಿಲ್ಲ. ನಮ್ಮ ಬಯಲುಸೀಮೆಯ ಒಣ ತಾಲೂಕುಗಳ ಲೆಕ್ಕ ಇದು. ಹಾಗಾಗಿ ಮೇಲಿನ ತೊರೆಗಳಿಂದ ಇಳಿಜಾರಿಗೆ ಅಡ್ಡಡ್ಡ ಕಾಲುವೆ ತೆಗೆದು ನೀರು ತರುತ್ತಾರೆ. ವಾಲೇಯ ಜರ್ಮನ್ ಮಾತಿನವರು ಅದನ್ನು ‘ಸುವೊನೆ’ ಅನ್ನುತ್ತಾರೆ. ಕೆಲವು ಕಡೆ ಬಂಡೆಯ ಮೈಗೆ ಮರದ ದೋಣಿ ನೇತುಹಾಕಿ ನೀರು ದಾಟಿಸಿದ್ದಾರೆ. ಅದರ ಮೇಲೆ ನಡೆದು ರಿಪೇರಿ ಮಾಡುವಾಗ ಬಿದ್ದು ಸತ್ತವರಿದ್ದಾರೆ.

ಕಾಲುವೆಯ ನೀರು ಸರದಿಯ ಮೇಲೆ. ನಮ್ಮ ಕೆರೆ ಕೆಳಗಿನ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದನಲ್ಲ, ಅಂಥವನೊಬ್ಬ ಅಲ್ಲೂ ಇರುತ್ತಿದ್ದ. ವಾಲೇಯ ಹಳ್ಳಿಗಳಲ್ಲಿ ಹಕ್ಕಿನ ಲೆಕ್ಕ ಬರೆಯುತ್ತಿದ್ದದ್ದು ಕಾಗದದಲ್ಲಲ್ಲ, ಮರದ ತುಂಡುಗಳಲ್ಲಿ. ‘ಟೆಸ್ಲೆ’ ಅಂತ ಹೆಸರು. ಅಂಗೈಯಲ್ಲಿ ಹಿಡಿಸುವ ಕಟ್ಟಿಗೆ. ಅದರ ಮೇಲೆ ಮನೆಯ ಗುರುತು, ಒಂದು ಶಿಲುಬೆಯೋ ಮೂರು ಗೀಟೋ ಬಾಣವೋ. ಪಕ್ಕದಲ್ಲಿ ಚಾಕುವಿನಿಂದ ಕೊರೆದ ಗೀರುಗಳು, ಎಷ್ಟು ಹೊತ್ತು ನೀರು ಅಂತ. ಓದಲು ಬರದವನೂ ತನ್ನ ಪಾಲು ಬೆರಳಿಂದ ಸವರಿ ನೋಡಬಹುದು.

ಇನ್ನೊಂದು ಉಪಕರಣ ನನಗೆ ತುಂಬ ಇಷ್ಟ. ಮೈಲಿಗಟ್ಟಲೆ ಉದ್ದದ ಕಾಲುವೆ ರಾತ್ರಿ ಎಲ್ಲೋ ಒಡೆದರೆ ತಿಳಿಯುವುದು ಹೇಗೆ? ಕಾಲುವೆಯಲ್ಲೇ ಒಂದು ಪುಟ್ಟ ನೀರಿನ ಚಕ್ರ. ಚಕ್ರಕ್ಕೆ ಸಿಕ್ಕಿಸಿದ ಮರದ ಸುತ್ತಿಗೆ. ನೀರು ಹರಿಯುವವರೆಗೆ ಅದು ಹಲಗೆಗೆ ಟಕ್, ಟಕ್ ಅಂತ ಬಡಿಯುತ್ತಲೇ ಇರುತ್ತದೆ. ಕಾವಲುಗಾರ ನಿಶ್ಚಿಂತೆಯಿಂದ ಮಲಗುತ್ತಾನೆ. ಸದ್ದು ನಿಂತರೆ ಎದ್ದು ಲಾಟೀನು ಹಿಡಿದು ಹೊರಡುತ್ತಾನೆ. ಸದ್ದಿಗೆ ಎಚ್ಚರಾಗುವವರನ್ನು ನೋಡಿದ್ದೇವೆ, ಇವನಿಗೆ ಎಚ್ಚರ ಆಗುತ್ತಿದ್ದದ್ದು ಸದ್ದು ಇಲ್ಲದಿದ್ದರೆ. ಇಂಥ ಸಾಂಪ್ರದಾಯಿಕ ನೀರಾವರಿಯ ಜ್ಞಾನವನ್ನು 2023ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ಸ್ವಿಟ್ಜರ್ಲೆಂಡಿನ ಜೊತೆ ಇನ್ನೂ ಕೆಲವು ಯುರೋಪ್ ದೇಶಗಳ ಹೆಸರಿನಲ್ಲಿ. ಅದೇ ವರ್ಷ ಸ್ವಿಸ್ ಆಲ್ಪಿನ ಬೇಸಿಗೆ ಮೇವಿನ ಪದ್ಧತಿಯೂ ಪಟ್ಟಿಗೆ ಸೇರಿತು.

ಊಟದ ವಿಷಯ ಬೇಗ ಹೇಳಿಬಿಡುತ್ತೇನೆ. ಗೋಧಿ ಅಷ್ಟು ಎತ್ತರದಲ್ಲಿ ಸರಿಯಾಗಿ ಬರುವುದಿಲ್ಲ, ರೈ ಬರುತ್ತದೆ. ಊರಿಗೆಲ್ಲ ಒಂದೇ ಒಲೆಮನೆ. ಸೌದೆ ದುಬಾರಿ, ಹಾಗಾಗಿ ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಒಲೆ ಹಚ್ಚಿ ಎಲ್ಲ ಮನೆಯವರೂ ಸರದಿಯ ಮೇಲೆ ತಿಂಗಳುಗಟ್ಟಲೆಗೆ ಆಗುವಷ್ಟು ಬ್ರೆಡ್ ಸುಟ್ಟುಕೊಳ್ಳುತ್ತಿದ್ದರು. ಉತ್ತರ ಕರ್ನಾಟಕದವರಿಗೆ ಖಡಕ್ ರೊಟ್ಟಿ ನೆನಪಾಗಬಹುದು. ಆದರೆ ಇದು ದಪ್ಪ, ದುಂಡಗೆ, ಬಿರುಕುಬಿಟ್ಟ ಕಲ್ಲಿನ ಹಾಗೆ. ಅದನ್ನು ತುಂಡು ಮಾಡಲು ಹಲಗೆಗೆ ಕೀಲು ಹಾಕಿ ಜೋಡಿಸಿದ ಒಂದು ಉದ್ದ ಚಾಕುವೇ ಇದೆ, ನಮ್ಮ ಅಡಕತ್ತರಿಯ ಅಣ್ಣನ ಹಾಗೆ. ಈಗ ವಾಲೇ ರೈ ಬ್ರೆಡ್ಡಿಗೆ ಕಾನೂನಿನ ರಕ್ಷಣೆ ಇದೆ, ಹಿಟ್ಟಿನಲ್ಲಿ ನೂರಕ್ಕೆ ಕನಿಷ್ಠ 90 ಭಾಗ ರೈ ಇರಲೇಬೇಕು. ಧಾನ್ಯ ಇಡುವ ಮರದ ಕಣಜಗಳೂ ನೋಡುವಂಥವು. ಗಿಡ್ಡ ಕಂಬಗಳ ಮೇಲೆ ನಿಂತಿರುತ್ತವೆ, ಪ್ರತಿ ಕಂಬದ ತಲೆಯ ಮೇಲೆ ಒಂದು ಅಗಲವಾದ ದುಂಡು ಕಲ್ಲು. ಇಲಿ ಕಂಬ ಹತ್ತಿ ಬಂದರೂ ಆ ಕಲ್ಲಿನ ಅಂಚು ದಾಟಲಾರದು.

ಈಗ ಖಾರದ ಭಾಗಕ್ಕೆ ಬರುತ್ತೇನೆ. ಹಿಂದಿನಿಂದ ಒಬ್ಬರು ಮೇಡಂ ಸರಿಯಾಗಿ ಕೇಳಿದರು, “ಹೊರಗಿನವರು ಬಂದು ಜಾಗ ಕೊಂಡರೆ?”

ಕೊಳ್ಳಬಹುದು. ಹಕ್ಕು ಸಿಗುವುದಿಲ್ಲ. 1483ರ ಪತ್ರದಲ್ಲೇ ಇದು ಕಡ್ಡಿ ಮುರಿದ ಹಾಗಿದೆ. ಹೊರಗಿನವನು ಊರಿನಲ್ಲಿ ಭೂಮಿ ಕೊಂಡ ಮಾತ್ರಕ್ಕೆ ಆಲ್ಪಿನಲ್ಲಿ ದನ ಮೇಯಿಸುವ ಹಾಗಿಲ್ಲ, ಮರ ಕಡಿಯುವ ಹಾಗಿಲ್ಲ. ಅವನನ್ನು ಊರಿನವನು ಅಂತ ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಇದ್ದವರೇ ತೀರ್ಮಾನಿಸುತ್ತಾರೆ. ಇವತ್ತಿಗೂ ಅಲ್ಲಿ ಎರಡು ಸಂಸ್ಥೆಗಳಿವೆ. ಊರಿನಲ್ಲಿ ವಾಸವಿರುವವರದು ಒಂದು, ಮೂಲ ಮನೆತನದವರದು ಇನ್ನೊಂದು. ಎರಡನೆಯದಕ್ಕೆ ಬುರ್ಗರ್‌ಗೆಮೈಂಡೆ ಅನ್ನುತ್ತಾರೆ. ಸ್ವಿಸ್ ಪಾಸ್‌ಪೋರ್ಟ್ ಕೈಗೆ ಸಿಕ್ಕರೆ ನೋಡಿ, ಅದರಲ್ಲಿ ಹುಟ್ಟಿದ ಊರು ಇರುವುದಿಲ್ಲ, ‘ಮೂಲ ಊರು’ ಇರುತ್ತದೆ. ಜ್ಯೂರಿಕ್‌ನಲ್ಲಿ ಹುಟ್ಟಿ ಬೆಳೆದವನ ಮೂಲ ಊರು ಅವನು ಒಮ್ಮೆಯೂ ಕಾಲಿಡದ ಬೆಟ್ಟದ ಹಳ್ಳಿ ಆಗಿರಬಹುದು. ಹೆಂಗಸರಿಗೆ ಬಹಳ ಕಾಲ ಗಂಡನ ಮೂಲ ಊರೇ ಬರುತ್ತಿತ್ತು. 2013ರಿಂದ ಮದುವೆಯಾದರೂ ಅದು ಬದಲಾಗುವುದಿಲ್ಲ.

ಸಾಮೂಹಿಕ ಆಸ್ತಿ ಚೆನ್ನಾಗಿ ಉಳಿಯಿತು ಅಂತ ಹೊಗಳುವವರು ಈ ಬಾಗಿಲನ್ನು ಮರೆಯುತ್ತಾರೆ. ಬಾಗಿಲು ಹಾಕಿದ್ದರಿಂದಲೇ ಅದು ಉಳಿಯಿತು. ಒಳಗಿದ್ದವರಿಗೂ ಬೆಲೆ ಇತ್ತು. ಜನ ಜಾಸ್ತಿ ಆದರೆ ಲೆಕ್ಕ ಕೆಡುತ್ತದೆ. ಜನ ಮೂವತ್ತರ ಹತ್ತಿರ ಬಂದು ಮದುವೆಯಾಗುತ್ತಿದ್ದರು, ಮದುವೆಯೇ ಆಗದೆ ಅಣ್ಣನ ಮನೆಯಲ್ಲಿ ದುಡಿದು ಸತ್ತವರೂ ಎಷ್ಟೋ ಮಂದಿ. ಇನ್ನು ಕೆಲವರು ಊರು ಬಿಟ್ಟು ಹೋದರು. ಚರ್ಚಿನ ದಾಖಲೆಯಲ್ಲಿ ನೆಟ್ಟಿಂಗ್ ಕಂಡದ್ದು ಇದನ್ನೂ. ಹದಿನೆಂಟನೇ ಶತಮಾನದ ಕೊನೆಗೆ ಆಲೂಗಡ್ಡೆ ಬಂದಮೇಲೆ ಮಾತ್ರ ಊರಿನ ಹೊಟ್ಟೆಗೆ ಸ್ವಲ್ಪ ಉಸಿರು ಬಂತು, ಜನಸಂಖ್ಯೆಯೂ ಏರಿತು.

ಹೆಂಗಸರ ಮಾತು ಬಂದಿದ್ದರಿಂದ ಪಕ್ಕದ ಊರಿನ ಒಂದು ಘಟನೆ ಹೇಳಲೇಬೇಕು. ಮೋಸ್‌ಆಲ್ಪ್ ಹತ್ತಿ ಆಚೆ ಇಳಿದರೆ ಬ್ಯುರ್ಖೆನ್, ಅದರ ಮುಂದೆ ಉಂಟರ್‌ಬೇಖ್. 1957ರಲ್ಲಿ ಸ್ವಿಸ್ ಸರ್ಕಾರ ಹೆಂಗಸರನ್ನೂ ನಾಗರಿಕ ರಕ್ಷಣೆಯ ಸೇವೆಗೆ ಕಡ್ಡಾಯವಾಗಿ ಸೇರಿಸಬೇಕಾ ಅಂತ ಜನಮತ ಕೇಳಿತು. ಮತ ಹಾಕಬೇಕಾದವರು? ಗಂಡಸರು ಮಾತ್ರ! ಉಂಟರ್‌ಬೇಖ್ ಪಂಚಾಯಿತಿ ಸಿಟ್ಟಿಗೆದ್ದು, ನಮ್ಮೂರಲ್ಲಿ ಹೆಂಗಸರೂ ಹಾಕಲಿ ಅಂದಿತು. ಮಾರ್ಚ್ 3ರಂದು ಅಧ್ಯಕ್ಷರ ಹೆಂಡತಿ ಕಾಟರೀನಾ ತ್ಸೆನ್‌ಹಾಯ್ಸರ್ನ್ ಮೊದಲು ಹೋಗಿ ಮತ ಹಾಕಿದರು. ಒಟ್ಟು 33 ಹೆಂಗಸರು ಹಾಕಿದರು. ಆ ಮತಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಟ್ಟರು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೇಶದ ಮಟ್ಟದಲ್ಲಿ ಸ್ವಿಸ್ ಹೆಂಗಸರಿಗೆ ಮತ ಸಿಕ್ಕಿದ್ದು 1971ರಲ್ಲಿ. ನಮ್ಮಲ್ಲಿ ಅಷ್ಟು ಹೊತ್ತಿಗೆ ನಾಲ್ಕು ಲೋಕಸಭಾ ಚುನಾವಣೆ ಮುಗಿದಿತ್ತು, ಇಂದಿರಾ ಗಾಂಧಿ ಪ್ರಧಾನಿ ಆಗಿದ್ದರು.

ಈಗ ಹೇಗಿದೆ? ದನ ನಂಬಿ ಬದುಕುವವರು ಕಡಿಮೆ. ಬದಲಾವಣೆ ನೂರು ವರ್ಷದ ಹಿಂದೆಯೇ ಶುರುವಾಯಿತು. ಜರ್ಮಾಟ್ ರೈಲು 1891ಕ್ಕೆ ಪೂರ್ತಿ ಆಯಿತು. ಅದಾದ ಹತ್ತಿಪ್ಪತ್ತು ವರ್ಷದಲ್ಲಿ ಫಿಸ್ಪ್‌ನಲ್ಲಿ ಲೊಂಜಾ ಕಂಪನಿಯ ರಾಸಾಯನಿಕ ಕಾರ್ಖಾನೆ ಬಂತು. ಮೇಲಿನ ಹಳ್ಳಿಗಳ ಗಂಡಸರು ಪಾಳಿ ಕೆಲಸಕ್ಕೆ ಇಳಿದರು. ಬೆಳಗ್ಗೆ ಕಾರ್ಖಾನೆ, ಸಂಜೆ ಹುಲ್ಲು ಕೊಯ್ಲು. ಅರ್ಧ ಕೂಲಿ, ಅರ್ಧ ರೈತ. ಹೊರೆ ಹೊರುತ್ತಿದ್ದ ಹೇಸರಗತ್ತೆಗಳ ಜಾಗಕ್ಕೆ ರಸ್ತೆ ಬಂತು. ಕೋವಿಡ್ ಕಾಲದಲ್ಲಿ ಮಾಡೆರ್ನಾ ಲಸಿಕೆಯ ಮೂಲ ವಸ್ತು ಅದೇ ಫಿಸ್ಪ್‌ನ ಕಾರ್ಖಾನೆಯಲ್ಲೂ ತಯಾರಾಗುತ್ತಿತ್ತು. 2007ರಲ್ಲಿ ಲೋಟ್ಷ್‌ಬರ್ಗ್ ಬೆಟ್ಟದ ಬುಡದಲ್ಲಿ ಸುಮಾರು 35 ಕಿಲೋಮೀಟರ್ ಉದ್ದದ ಸುರಂಗ ತೆರೆದ ಮೇಲೆ ರಾಜಧಾನಿ ಬರ್ನ್‌ನಿಂದ ಫಿಸ್ಪ್‌ಗೆ ಒಂದು ಗಂಟೆಯೊಳಗೆ ಬರಬಹುದು.

ಹತ್ತಿರ ಆದದ್ದರ ಇನ್ನೊಂದು ಮುಖವೂ ಇದೆ. ಪೇಟೆಯವರು ಬೆಟ್ಟದಲ್ಲಿ ರಜೆಯ ಮನೆ ಕೊಳ್ಳುತ್ತಾರೆ. ವರ್ಷಕ್ಕೆ ಮೂರು ವಾರ ದೀಪ ಉರಿಯುತ್ತದೆ, ಉಳಿದ ಕಾಲ ಕಿಟಕಿ ಮುಚ್ಚಿರುತ್ತದೆ. 2012ರಲ್ಲಿ ಇಡೀ ದೇಶ ಮತ ಹಾಕಿ, ಯಾವ ಗೆಮೈಂಡೆಯಲ್ಲೂ ಇಂಥ ಎರಡನೇ ಮನೆಗಳು ನೂರಕ್ಕೆ 20ಕ್ಕಿಂತ ಜಾಸ್ತಿ ಆಗಬಾರದು ಅಂತ ತೀರ್ಮಾನಿಸಿತು. ಗೆದ್ದದ್ದು ಕೂದಲೆಳೆಯಲ್ಲಿ, 50.6 ಶೇಕಡಾ. ವಾಲೇ ಪ್ರಾಂತ್ಯ ದೊಡ್ಡ ಅಂತರದಲ್ಲಿ ಬೇಡ ಅಂದಿತ್ತು, ಯಾಕೆಂದರೆ ಮನೆ ಕಟ್ಟುವ ಕೂಲಿ ಹೋಗುವುದು ಅವರದು. ಬೆಟ್ಟ ಉಳಿಸಿ ಅಂತ ಪೇಟೆಯವರು, ಹೊಟ್ಟೆಪಾಡು ಅಂತ ಬೆಟ್ಟದವರು. ಪಶ್ಚಿಮಘಟ್ಟದ ವರದಿಗಳ ಗಲಾಟೆ ನೋಡಿದ ನಮಗೆ ಇದೇನೂ ಹೊಸದಲ್ಲ, ಅಲ್ವಾ.

ಮೇಯಿಸುವವರು ಕಡಿಮೆಯಾದ ಕಡೆ ಆಲ್ಪಿನ ಹುಲ್ಲಿಗೆ ಪೊದೆ ನುಗ್ಗುತ್ತದೆ, ಪೊದೆಯ ಹಿಂದೆ ಕಾಡು ಬರುತ್ತದೆ. ಹಾಗಾಗಿ ಈಗ ದನ ಹತ್ತಿಸಿದ್ದಕ್ಕೆ ಸರ್ಕಾರವೇ ದುಡ್ಡು ಕೊಡುತ್ತದೆ, ಕಡಿದಾದ ಇಳಿಜಾರಿನಲ್ಲಿ ಹುಲ್ಲು ಕೊಯ್ದರೂ ಕೊಡುತ್ತದೆ. ಎಣಿಸುವುದು ಮಾತ್ರ ನಿಂತಿಲ್ಲ. ಪ್ರತಿ ಆಲ್ಪಿಗೂ ಇಷ್ಟು ದನ ಅಂತ ಒಂದು ಅಂಕಿ ಗೊತ್ತುಮಾಡಿದ್ದಾರೆ. ಅದರ ಮೂಲಮಾನ, ಒಂದು ಹಸು ನೂರು ದಿನ ಮೇಯುವುದು. ಮೊದಲು ಜಾಸ್ತಿ ಆಗದಿರಲಿ ಅಂತ ಎಣಿಸುತ್ತಿದ್ದರು. ಈಗ ಕಡಿಮೆ ಆದರೂ ಅನುದಾನ ಕಡಿತ.

ಕೊನೆಯ ಪ್ರಶ್ನೆ ಯುವಕರೊಬ್ಬರದು. ಹೋಗುವುದಾದರೆ ಯಾವಾಗ ಹೋಗಬೇಕು, ಏನು ಒಯ್ಯಬೇಕು?

ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಹೋಗಿ, ಮೇಲೆ ದನ ಇರುತ್ತವೆ. ಫಿಸ್ಪ್‌ನಲ್ಲಿ ರೈಲು ಬದಲಿಸಿ, ಸ್ಟಾಲ್ಡೆನ್‌ನಲ್ಲಿ ಇಳಿದು ಬಸ್ಸು ಹಿಡಿಯಿರಿ. ವಾಪಸ್ ಬರುವ ಕೊನೇ ಬಸ್ಸಿನ ಟೈಮು ಮೊದಲೇ ನೋಡಿಕೊಳ್ಳಿ. ದಾರಿ ಬಿಟ್ಟು ಹುಲ್ಲಿನೊಳಗೆ ಕಾಲಿಡಬೇಡಿ, ಬಾಲ್ಕನಿಯಲ್ಲಿ ಆ ಅಜ್ಜಿ ಇರಬಹುದು. ರೈ ಬ್ರೆಡ್ ಕೊಂಡುಕೊಳ್ಳಿ. ಅದನ್ನು ಕೈಯಲ್ಲಿ ಮುರಿಯಲು ಹೋಗಿ ನನ್ನ ಹೆಬ್ಬೆರಳು ಉಳುಕಿದೆ. ಒಂದು ಗಟ್ಟಿ ಚಾಕು ಇಟ್ಟುಕೊಳ್ಳಿ, ಚೆಕ್-ಇನ್ ಲಗೇಜಿನಲ್ಲಿ.